ತೊಂಬತ್ತರ ದಶಕದ ಆಲ್ಬಮ್‌ಗಳು: ಯಾವುದನ್ನು ಯಾವ ಹೊತ್ತಿಗೆ ಕೇಳಬೇಕು?

ತೊಂಬತ್ತರ ದಶಕದ ಸಂಗೀತ ಕೇಳೋಣ ಅಂತ ಫೋನಿನಲ್ಲಿ ಹುಡುಕಿದರೆ ಬಿಡಿ ಹಾಡುಗಳು ರಾಶಿ ರಾಶಿ ಸಿಗುತ್ತವೆ. ಆಲ್ಬಮ್‌ಗಳೂ ಅಲ್ಲೇ ಇರುತ್ತವೆ. ಆದರೆ ಇದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ ಅಂತ ಯಾರೂ ಹೇಳುವುದಿಲ್ಲ. ಆಗ ನಮ್ಮ ಕಡೆ ಸಂಗೀತ ಅಂದರೆ ಕ್ಯಾಸೆಟ್. ಒಂದು ಹಾಡು ಬೇಡ ಅನಿಸಿದರೆ ಫಾರ್ವರ್ಡ್ ಗುಂಡಿ ಒತ್ತಬೇಕು, ಅಂದಾಜಿನ ಮೇಲೆ ನಿಲ್ಲಿಸಬೇಕು, ಹೆಚ್ಚುಕಡಿಮೆ ಆದರೆ ಮತ್ತೆ ಹಿಂದಕ್ಕೆ ಬರಬೇಕು. ಅದರ ಬದಲು ಸುಮ್ನೆ ಪೂರ್ತಿ ಕೇಳುವುದೇ ಸುಲಭವಾಗಿತ್ತು. ಎ ಬದಿ ಮುಗಿದರೆ ತಿರುಗಿಸಿ ಬಿ ಬದಿ. ಹಾಗೆ ಕೇಳಿದವರ ಕಿವಿಯಲ್ಲಿ ಒಂದು ಹಾಡು ಮುಗಿಯುತ್ತಿದ್ದಂತೆ ಮುಂದಿನ ಹಾಡು ತಾನಾಗಿ ಶುರುವಾಗುತ್ತದೆ.

ಈ ಬರಹ ಆ ಕಾಲದ ಆಮೇಲೆ ಹುಟ್ಟಿದವರಿಗೆ. ಒಂದೇ ಬಗೆಯ ಸಂಗೀತ ಕೇಳಿ, ಈಗ ಬೇರೆ ಕಡೆಗೂ ಕಾಲಿಡಬೇಕು ಅನ್ನುವವರಿಗೂ ಹೌದು. ಸಿನಿಮಾ ಹಾಡು ಮಾತ್ರ ಕೇಳಿದವರು ರಾಕ್ ಎಲ್ಲಿಂದ ಶುರು ಮಾಡಬೇಕು? ಹಿಂದೂಸ್ತಾನಿ ಬಿಟ್ಟು ಬೇರೇನೂ ಕೇಳದವರಿಗೆ ಹೊರಗಿನ ಯಾವ ಆಲ್ಬಮ್ ರುಚಿಸೀತು? ಇಂಥ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರ ಇದೆ.

ನಾನು ಆಯ್ಕೆ ಮಾಡುವ ಕ್ರಮ ಧಾರವಾಡದ್ದು. ಇಲ್ಲಿನ ಹಿರಿಯ ಕೇಳುಗರ ಜೊತೆ ಕೂತರೆ, ಯಾವ ರಾಗ ದೊಡ್ಡದು ಅನ್ನುವ ಮಾತು ಬರುವುದಿಲ್ಲ. ಈಗ ಹೊತ್ತು ಎಷ್ಟಾಯಿತು ಅನ್ನುವುದು ಮೊದಲ ಮಾತು. ಬೆಳಗಿನ ಜಾವಕ್ಕೆ ಲಲಿತ್, ಬಿಸಿಲು ಏರುವಾಗ ತೋಡಿ, ಹೊತ್ತು ಮುಳುಗುವಾಗ ಮಾರವಾ, ರಾತ್ರಿ ಏರಿದ ಮೇಲೆ ಮಾಲಕಂಸ ಇಲ್ಲವೇ ದರಬಾರಿ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್, ಗದಗಿನ ಭೀಮಸೇನ ಜೋಶಿ, ಇವರನ್ನೆಲ್ಲ ಕೇಳಿದ ಸೀಮೆ ಇದು. ತೊಂಬತ್ತರ ದಶಕದಲ್ಲಿ ಮ್ಯೂಸಿಕ್ ಟುಡೇ ಕಂಪನಿ ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ರಾಗಗಳನ್ನು ವಿಂಗಡಿಸಿಯೇ ಕ್ಯಾಸೆಟ್ ತಂದಿತ್ತು. ಈ ಲೆಕ್ಕ ರಾಗಗಳಿಗೆ ಮಾತ್ರ ಯಾಕೆ ಇರಬೇಕು? ರಾಕ್, ಜಾಝ್, ಗಜಲ್, ಸಿನಿಮಾ ಅನ್ನುವುದೆಲ್ಲ ಅಂಗಡಿಯ ಕಪಾಟಿಗೆ ಬೇಕಾದ ಹೆಸರುಗಳು. ಕೇಳುವವರಿಗೆ ಬೇಕಾದದ್ದು ಎರಡೇ ವಿಷಯ. ಯಾವ ಹೊತ್ತಿಗೆ ಕೇಳುತ್ತೀರಿ? ಎಷ್ಟು ಹೊತ್ತು ಕೂರುತ್ತೀರಿ?

ಇನ್ನೊಂದು ಪರೀಕ್ಷೆ ಬಿ ಬದಿಯದು. ಮೊದಲ ಎರಡು ಹಾಡು ಎಲ್ಲ ಕಡೆಯೂ ಚೆನ್ನಾಗಿರುತ್ತವೆ. ಎಂಟನೆಯ ಹಾಡಿನಲ್ಲೂ ಹಿಡಿದು ಕೂರಿಸುತ್ತದೆಯಾ? 1995ರ ಅಲೀಶಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ' ಎಷ್ಟು ಸದ್ದು ಮಾಡಿತು ಅಂತ ಆ ಕಾಲದವರಿಗೆ ಗೊತ್ತು. ಆ ಒಂದು ಹಾಡು ನನಗೂ ಇಷ್ಟ. ಪೂರ್ತಿ ಆಲ್ಬಮ್ ಅಂತ ನೋಡಿದರೆ ನನ್ನ ಪಟ್ಟಿಗೆ ಬರುವುದಿಲ್ಲ.

ಮೊದಲು ನಮ್ಮವು

ಕನ್ನಡದಲ್ಲಿ ಆಯ್ಕೆ ನಿಜವಾಗಿಯೂ ಕಷ್ಟ. ನಾಲ್ಕು ಆಲ್ಬಮ್‌ಗಳನ್ನು ಎದುರುಬದುರು ಇಡುತ್ತೇನೆ.

1990ರ 'ಸಂತ ಶಿಶುನಾಳ ಶರೀಫ'. ನಿರ್ದೇಶನ ಟಿ.ಎಸ್. ನಾಗಾಭರಣ, ಸಂಗೀತ ಸಿ. ಅಶ್ವತ್ಥ್. ಶರೀಫರ ಊರು ಶಿಶುವಿನಹಾಳ ಈಗ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಸಿನಿಮಾ ಬಂದಾಗ ಹಾವೇರಿ ಜಿಲ್ಲೆಯೇ ಇರಲಿಲ್ಲ, ಗದಗ ಜಿಲ್ಲೆಯೂ ಇರಲಿಲ್ಲ. ಎರಡೂ 1997ರಲ್ಲಿ ಧಾರವಾಡದಿಂದ ಬೇರೆಯಾದವು. ಈ ಹಾಡುಗಳನ್ನು ನಮ್ಮ ಭಜನಾ ಮಂಡಳಿಗಳು ಅದಕ್ಕಿಂತ ಎಷ್ಟೋ ಮೊದಲಿನಿಂದ ಏಕತಾರಿ, ದಮಡಿ ಹಿಡಿದು ಹಾಡಿಕೊಂಡು ಬಂದಿವೆ. ಅಶ್ವತ್ಥ್ ಅದಕ್ಕೆ ದೊಡ್ಡ ಬಯಲಿನಲ್ಲಿ ನಿಂತು ಕೂಗುವಂಥ ದನಿ ಕೊಟ್ಟರು. ತಗ್ಗಿದ ಸ್ವರದಲ್ಲಿ ಶುರುವಾಗಿ, ಮೇಲಿನ ಷಡ್ಜಕ್ಕೆ ಹೋದಾಗ ಗಂಟಲು ಸ್ವಲ್ಪ ಒಡೆಯುತ್ತದೆ. ಆ ಒಡಕಿನಲ್ಲಿಯೇ ಶರೀಫರ ಸಾಲಿನ ಅರ್ಥ ಬಿಚ್ಚಿಕೊಳ್ಳುತ್ತದೆ ಅಂತ ನನಗೆ ಅನಿಸುತ್ತದೆ.

1997ರ 'ನಾಗಮಂಡಲ'ವೂ ಅದೇ ಇಬ್ಬರದು, ನಾಗಾಭರಣ ಮತ್ತು ಅಶ್ವತ್ಥ್. ಗಿರೀಶ ಕಾರ್ನಾಡರ ನಾಟಕ ಅದಕ್ಕೆ ಆಧಾರ. ಆದರೆ ಎರಡು ಆಲ್ಬಮ್‌ಗಳ ಹೊತ್ತೇ ಬೇರೆ. ಶರೀಫರ ಹಾಡು ಬೀದಿಯದು, ಬೆಳಗಿನದು, ಗಂಡಸಿನ ದನಿಯದು. ನಾಗಮಂಡಲದ್ದು ಮನೆಯ ಒಳಗಿನದು, ರಾತ್ರಿಯದು, ಹೆಣ್ಣಿನದು. ಬೀಗ ಹಾಕಿದ ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು ಕಂಬದ ಮೇಲಿನ ಗೊಂಬೆಯನ್ನು ಮಾತಾಡಿಸುವ ಹಾಡನ್ನು ಧಾರವಾಡದ ಸಂಗೀತಾ ಕಟ್ಟಿ ಹಾಡಿದ್ದಾರೆ. 'ಮ್ಯಾಲಿನ' ಅನ್ನುವ ಉಚ್ಚಾರ ಅವರ ಬಾಯಲ್ಲಿ ಎಲ್ಲೂ ನಟನೆ ಅನಿಸುವುದಿಲ್ಲ. ನಮ್ಮ ಭಾಷೆಯನ್ನು ಸಿನಿಮಾದಲ್ಲಿ ನಗಿಸಲು ಬಳಸಿಕೊಂಡದ್ದೇ ಜಾಸ್ತಿ. ಇಲ್ಲಿ ಅದು ನೋವು ಹೇಳಲು ಬಂದಿದೆ. ಆ ಕಾರಣಕ್ಕೆ ಈ ಆಲ್ಬಮ್ ಬಗ್ಗೆ ನನಗೆ ವಿಶೇಷ ಪ್ರೀತಿ.

ಮೂರನೆಯದು 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ', 1995. ಹಂಸಲೇಖ ಅವರಿಗೆ ಸಂಗೀತ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ತಂದದ್ದು ಇದೇ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಇದರ ಹಾಡಿಗೇ ರಾಷ್ಟ್ರಪ್ರಶಸ್ತಿ ಬಂತು. ಗವಾಯಿಗಳು ಹುಟ್ಟಿದ್ದು ಹಾನಗಲ್ ತಾಲ್ಲೂಕಿನಲ್ಲಿ, ನೆಲೆ ನಿಂತದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ ಜಾಗ ಅದು. ಹಂಸಲೇಖ ಅಂದರೆ ಪ್ರೇಮಗೀತೆ ಅಂದುಕೊಂಡವರು ಇದನ್ನು ಖಂಡಿತ ಕೇಳಬೇಕು. ಬಂದಿಶ್‌ಗೆ, ಅಂದರೆ ರಾಗದಲ್ಲಿ ಕಟ್ಟಿದ ಹಿಂದೂಸ್ತಾನಿ ರಚನೆಗೆ, ಅದರ ಗಾಂಭೀರ್ಯ ಉಳಿಸಿದ್ದಾರೆ. ಎಸ್‌ಪಿಬಿ ಶಾಸ್ತ್ರೀಯವಾಗಿ ಕಲಿತ ಹಿಂದೂಸ್ತಾನಿ ಗಾಯಕರಲ್ಲ. ತಾನ್‌ಗಳಲ್ಲಿ, ಅಂದರೆ ವೇಗವಾಗಿ ಓಡುವ ಸ್ವರಗಳ ಸಾಲಿನಲ್ಲಿ, ಅದು ಪಳಗಿದ ಕಿವಿಗೆ ಗೊತ್ತಾಗಬಹುದು. ಆದರೂ ಆ ಹಾಡಿನಲ್ಲಿ ಅವರು ಹಾಕಿದ ಜೀವಕ್ಕೆ ಪ್ರಶಸ್ತಿ ಸಣ್ಣದು ಅಂತಲೇ ನಾನು ಹೇಳುತ್ತೇನೆ.

ನಾಲ್ಕನೆಯದು 1996ರ 'ಜನುಮದ ಜೋಡಿ', ವಿ. ಮನೋಹರ್ ಸಂಗೀತ. ದಕ್ಷಿಣದ ಜನಪದದ ಧಾಟಿ. ಎಲ್.ಎನ್. ಶಾಸ್ತ್ರಿ ಅವರ ದನಿಯಲ್ಲಿ ಮಾದೇಶ್ವರನ ಪದ ಕೇಳಿದವರು ಮರೆಯುವುದಿಲ್ಲ. ನಾಲ್ಕರಲ್ಲಿ ಮೊದಲ ಸಲಕ್ಕೇ ಹಿಡಿಸುವುದು ಇದು.

ಒಂದನ್ನೇ ಆರಿಸಬೇಕು ಅಂದರೆ? ಬೆಳಗ್ಗೆ ಕೇಳುವವರಿಗೆ ಶರೀಫ. ರಾತ್ರಿ ಒಬ್ಬರೇ ಕೂತು ಕೇಳುವವರಿಗೆ ನಾಗಮಂಡಲ. ಮನೆಮಂದಿಯೆಲ್ಲ ಒಟ್ಟಿಗೆ ಇದ್ದರೆ ಜನುಮದ ಜೋಡಿ. ಸಂಗೀತ ಕಲಿಯುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಗವಾಯಿಗಳದ್ದು.

ರೆಹಮಾನ್: ಮೊದಲನೆಯದೋ, ಮುಂದಿನದೋ?

1992ರ 'ರೋಜಾ' ಎ.ಆರ್. ರೆಹಮಾನ್ ಅವರ ಮೊದಲ ಸಿನಿಮಾ. ಮೊದಲ ಸಿನಿಮಾಕ್ಕೇ ರಾಷ್ಟ್ರಪ್ರಶಸ್ತಿ. ಅದಕ್ಕೂ ಮೊದಲಿನ ಸಿನಿಮಾ ಹಾಡುಗಳ ಜೊತೆ ಇಟ್ಟು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ವಾದ್ಯಗಳ ನಡುವೆ ಖಾಲಿ ಜಾಗ ಇದೆ. ಬೇಸ್, ಅಂದರೆ ತಗ್ಗಿನ ಸ್ವರಗಳು, ಸ್ಪಷ್ಟವಾಗಿ ಕೇಳುತ್ತದೆ. ದನಿ ಕಿವಿಯ ಪಕ್ಕದಲ್ಲೇ ಇದೆ. ಚೆನ್ನೈನ ತಮ್ಮದೇ ಸ್ಟುಡಿಯೋದಲ್ಲಿ ಕೂತು, ಸಮಯ ತೆಗೆದುಕೊಂಡು, ಒಂದೊಂದೇ ಪದರ ಸೇರಿಸುತ್ತಿದ್ದ ಅವರ ಕೆಲಸದ ರೀತಿ ಅದಕ್ಕೆ ಕಾರಣ. ತಮಿಳು ಬರದಿದ್ದರೂ ತಮಿಳಿನಲ್ಲೇ ಕೇಳಿ. ಹಿಂದಿಯಲ್ಲಿ ಪದಗಳು ರಾಗಕ್ಕೆ ಸರಿಯಾಗಿ ಕೂರಲು ಒದ್ದಾಡುತ್ತವೆ.

1995ರ 'ಬಾಂಬೆ'ಯ ವಾದ್ಯಸಂಗೀತದ ತುಣುಕು ಬಹಳ ದೊಡ್ಡದು. ಕೊಳಲು ಶುರುವಾದರೆ ಮಾತು ನಿಲ್ಲುತ್ತದೆ. ಆದರೆ ಆಲ್ಬಮ್ ಅಂತ ನನ್ನ ಆಯ್ಕೆ 1998ರ 'ದಿಲ್ ಸೆ'. ಗುಲ್ಜಾರ್ ಅವರ ಮಾತು, ಒಂದು ಹಾಡೂ ಭರ್ತಿಗೆ ಹಾಕಿದ್ದಲ್ಲ. ಸುಖವಿಂದರ್ ಸಿಂಗ್ ಮತ್ತು ಸಪ್ನಾ ಅವಸ್ಥಿ ಹಾಡಿದ ರೈಲಿನ ಹಾಡನ್ನು ಎಲ್ಲರೂ ಬಲ್ಲರು. ಅದನ್ನು ಸದ್ಯ ಬಿಟ್ಟು ಉಳಿದವನ್ನು ಕೇಳಿ ನೋಡಿ. 1997ರ 'ವಂದೇ ಮಾತರಂ' ಸ್ವಾತಂತ್ರ್ಯದ 50ನೆಯ ವರ್ಷಕ್ಕೆ ಬಂದದ್ದು. ಅದರಲ್ಲಿ ಪಾಕಿಸ್ತಾನದ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಅವರ ಜೊತೆಗಿನ ಹಾಡು ನನಗೆ ಬೇಕೇ ಬೇಕು. ನುಸ್ರತ್ ಅದೇ ವರ್ಷ ಆಗಸ್ಟ್ 16ರಂದು ತೀರಿಕೊಂಡರು.

ಸಿನಿಮಾದ ಹೊರಗೆ, ಹಿಂದಿ ಮತ್ತು ಉರ್ದು

1996ರಲ್ಲಿ ಎರಡು ಆಲ್ಬಮ್ ಬಂದವು. ಲಕ್ಕಿ ಅಲಿ ಅವರ 'ಸುನೋ', ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಅವರ 'ಕಲೋನಿಯಲ್ ಕಸಿನ್ಸ್'. ಎರಡನೆಯದರಲ್ಲಿ ವ್ಯಾಸರಾಯರ ನಮ್ಮ ಕನ್ನಡದ ದೇವರನಾಮ ಇದೆ, 'ಕೃಷ್ಣಾ ನೀ ಬೇಗನೆ ಬಾರೋ'. ಗಿಟಾರ್ ಮತ್ತು ಇಂಗ್ಲಿಷ್ ಸಾಲುಗಳ ನಡುವೆ ಯಮುನಾ ಕಲ್ಯಾಣಿ ಬರುವಾಗ ಮೈ ಜುಂ ಅನ್ನುತ್ತದೆ. ಹರಿಹರನ್ ದನಿಯ ನುಣುಪು ಅಂಥದ್ದು. ಲಕ್ಕಿ ಅಲಿ ದನಿ ಇದಕ್ಕೆ ಪೂರಾ ಉಲ್ಟಾ. ಮೂಗಿನಲ್ಲಿ ಸ್ವಲ್ಪ, ಗಂಟಲಲ್ಲಿ ಸ್ವಲ್ಪ, ಸ್ವರದ ಅಂಚು ಒರಟು. ತೊಂಬತ್ತರ ದಶಕದ ಇಂಡಿಪಾಪ್‌ನಲ್ಲಿ, ಅಂದರೆ ಸಿನಿಮಾದ ಹೊರಗಿನ ನಮ್ಮ ಪಾಪ್ ಹಾಡುಗಳಲ್ಲಿ, ಈಗಲೂ ಹಳತಾಗದ ದನಿ ಅದೇ. ಪೂರ್ತಿ ಕೂತು ಕೇಳಲು ನಾನು 'ಸುನೋ' ಹಾಕುತ್ತೇನೆ. ಮಳೆಗಾಲದ ಮಧ್ಯಾಹ್ನಕ್ಕೆ, ಧಾರವಾಡದ ಜಿಟಿಜಿಟಿ ಮಳೆ ನಿಲ್ಲದೆ ಹಿಡಿದಾಗ.

ಗಜಲ್‌ಗೆ ಬಂದರೆ ಜಗಜೀತ್ ಸಿಂಗ್. 1991ರ 'ಸಜ್ದಾ'ದಲ್ಲಿ ಅವರ ಜೊತೆ ಲತಾ ಮಂಗೇಶ್ಕರ್ ಇದ್ದಾರೆ. 1999ರ 'ಮರಾಸಿಮ್' ಗುಲ್ಜಾರ್ ಅವರ ಗಜಲ್‌ಗಳದ್ದು. 'ಸಜ್ದಾ' ದೊಡ್ಡ ಆಲ್ಬಮ್, ಎರಡು ಕ್ಯಾಸೆಟ್‌ನದ್ದು, ಬಿಡುವು ಬೇಕು. ಉರ್ದು ಅಷ್ಟಾಗಿ ಬರದವರು 'ಮರಾಸಿಮ್'ನಿಂದ ಶುರು ಮಾಡಿ. ಮಾತು ಸರಳ, ವಾದ್ಯ ಕಡಿಮೆ, ಜಗಜೀತ್ ದನಿ ಆ ಹೊತ್ತಿಗೆ ಇನ್ನಷ್ಟು ಕೆಳಗಿಳಿದು ಹಣ್ಣಾಗಿದೆ. ಊಟ ಆದ ಮೇಲೆ, ಟಿ.ವಿ. ಆರಿಸಿದ ಮೇಲೆ.

ಚಿಗರಿಯಲ್ಲಿ ಮುಕ್ಕಾಲು ಗಂಟೆ ಸಿಕ್ಕರೆ

ಹುಬ್ಬಳ್ಳಿ–ಧಾರವಾಡದ ನಡುವೆ ದಿನಾ ಓಡಾಡುವವರಿಗೆ ಒಂದು ಅನುಕೂಲ ಇದೆ. ಚಿಗರಿ ಬಸ್ಸಿನಲ್ಲಿ ಕೂತರೆ ಸುಮಾರು ಒಂದು ಆಲ್ಬಮ್‌ನಷ್ಟು ಹೊತ್ತು ಸಿಗುತ್ತದೆ. ಆ ಹೊತ್ತಿಗೆ ಅಳತೆ ಮಾಡಿದಂತೆ ಇರುವುದು 'ಎ ಮೀಟಿಂಗ್ ಬೈ ದ ರಿವರ್', 1993. ನಾಲ್ಕೇ ತುಣುಕು, 40 ನಿಮಿಷದ ಆಸುಪಾಸು. ವಿಶ್ವಮೋಹನ ಭಟ್ ಅವರ ಮೋಹನವೀಣೆ, ಅಮೆರಿಕದ ರೈ ಕೂಡರ್ ಅವರ ಸ್ಲೈಡ್ ಗಿಟಾರ್. ಇಬ್ಬರೂ ಅದಕ್ಕೆ ಮೊದಲು ಭೇಟಿಯಾಗಿರಲಿಲ್ಲ. ಸಾಂತಾ ಬಾರ್ಬರಾದ ಒಂದು ಚರ್ಚಿನಲ್ಲಿ ಸೇರಿದರು, ಕೂತರು, ನುಡಿಸಿದರು. ತಬಲಾ ಸುಖವಿಂದರ್ ಸಿಂಗ್ ನಾಮಧಾರಿ ಅವರದು. ಇನ್ನೊಂದು ತಾಳವಾದ್ಯ ಕೂಡರ್ ಮಗ ಹೊಕೀಮ್‌ದು, ಅವನಿನ್ನೂ ಚಿಕ್ಕ ಹುಡುಗ. 1994ರಲ್ಲಿ ಗ್ರ್ಯಾಮಿ ಬಂತು.

ಹಿಂದೂಸ್ತಾನಿ ಮಾತ್ರ ಕೇಳುವವರಿಗೆ ಹೊರಗಿನ ಮೊದಲ ಆಲ್ಬಮ್ ಅಂತ ನಾನು ಕೊಡುವುದು ಇದನ್ನೇ. ಆಲಾಪದ ನಿಧಾನ ಇದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇದೆ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆಯಾಡಿಸುವ ಬೈಠಕ್‌ನ ಗುಣ ಇದೆ. ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಅಮೆರಿಕದ ಬ್ಲೂಸ್ ಬರುತ್ತದೆ. ಎರಡೂ ತಂತಿಯ ಮೇಲೆ ಜಾರುವ ವಾದ್ಯ, ಹಾಗಾಗಿ ಎಲ್ಲಿ ಯಾರದು ಮುಗಿಯಿತು ಅಂತ ಕೆಲವು ಕಡೆ ಗೊತ್ತೇ ಆಗುವುದಿಲ್ಲ. ಕೊನೆಯ ತುಣುಕು ಫಿಜಿ ದ್ವೀಪದ ಬೀಳ್ಕೊಡುಗೆಯ ಹಾಡು. ಪೂರ್ವತಯಾರಿ ಕಡಿಮೆ ಇದ್ದದ್ದು ಕೆಲವು ಕಡೆ ಕಾಣುತ್ತದೆ, ಹುಡುಕಾಟ ಕೇಳಿಸುತ್ತದೆ. ನನಗೆ ಅದೂ ಬೇಕು.

ಕೂಡರ್ ಆ ದಶಕದಲ್ಲಿ ಇನ್ನೂ ಎರಡು ದೊಡ್ಡ ಕೆಲಸ ಮಾಡಿದರು. 1994ರಲ್ಲಿ ಮಾಲಿ ದೇಶದ ಅಲಿ ಫರ್ಕಾ ಟೂರೆ ಜೊತೆ 'ಟಾಕಿಂಗ್ ಟಿಂಬಕ್ಟು'. 1997ರಲ್ಲಿ 'ಬ್ಯುಯೆನಾ ವಿಸ್ಟಾ ಸೋಶಿಯಲ್ ಕ್ಲಬ್'. ಕ್ಯೂಬಾದ ಹವಾನಾದಲ್ಲಿ 1996ರ ಮಾರ್ಚ್‌ನಲ್ಲಿ ಆರು ದಿನ ನಡೆದ ರೆಕಾರ್ಡಿಂಗ್ ಅದು. ಮೊದಲ ಯೋಜನೆ ಬೇರೆಯಿತ್ತು. ಮಾಲಿಯ ಕಲಾವಿದರು ಬಂದು ಕ್ಯೂಬಾದವರ ಜೊತೆ ನುಡಿಸಬೇಕಿತ್ತು. ಮಾಲಿಯವರಿಗೆ ಬರಲಾಗಲಿಲ್ಲ. ಆಗ ಊರಿನ ಹಳೆಯ ಕಲಾವಿದರನ್ನು ಹುಡುಕಿ ಕರೆತಂದರು. ಕೊಂಪಾಯ್ ಸೆಗುಂಡೊ ಹುಟ್ಟಿದ್ದು 1907ರಲ್ಲಿ. ಪಿಯಾನೊ ನುಡಿಸಿದ ರುಬೆನ್ ಗೊನ್ಸಾಲೆಸ್ 1919ರವರು. ಇಬ್ರಾಹಿಂ ಫೆರೆರ್ 1927ರವರು. ಮರೆತೇ ಹೋಗಿದ್ದ ಮುದುಕರು ಜಗತ್ತಿಗೆಲ್ಲ ಗೊತ್ತಾದರು.

ಈ ಎರಡರಲ್ಲಿ ಯಾವುದು? 'ಟಾಕಿಂಗ್ ಟಿಂಬಕ್ಟು' ಒಂದೇ ಸ್ವರದ ಸುತ್ತ ಸುತ್ತುತ್ತದೆ, ತಂಬೂರಿಯ ಶ್ರುತಿ ಕೇಳಿ ಅಭ್ಯಾಸ ಇರುವವರಿಗೆ ಕೂಡಲೇ ಹಿಡಿಸುತ್ತದೆ. 'ಬ್ಯುಯೆನಾ ವಿಸ್ಟಾ' ಎಲ್ಲರಿಗೂ ಹಿಡಿಸುತ್ತದೆ. ಒಂದು ಗಂಟೆಯದ್ದು, ಹಾಗಾಗಿ ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಹೋಗುವಾಗ ಸರಿಯಾಗುತ್ತದೆ. ಅಣ್ಣಿಗೇರಿ ದಾಟುವ ಹೊತ್ತಿಗೆ ಫೆರೆರ್ ದನಿ, ಹೊರಗೆ ಎರೆ ಹೊಲ. ಭಾಷೆ ಸ್ಪ್ಯಾನಿಷ್ ಅನ್ನುವುದು ಮರೆತೇ ಹೋಗುತ್ತದೆ.

ಜೋರು ದನಿಯವು

ಇಲ್ಲಿ ಬೇಗ ಮುಗಿಸುತ್ತೇನೆ. ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಎರಡು ಅಮೆರಿಕನ್ ರಾಕ್ ತಂಡಗಳು: 1991ರಲ್ಲಿ ಮೆಟಾಲಿಕಾದ ಕಪ್ಪು ಹೊದಿಕೆಯ ಆಲ್ಬಮ್ ಬಂತು, ಸೆಪ್ಟೆಂಬರ್‌ನಲ್ಲಿ ನಿರ್ವಾಣದ 'ನೆವರ್‌ಮೈಂಡ್'. ಮುಂದಿನ ಜನವರಿಯಲ್ಲಿ 'ನೆವರ್‌ಮೈಂಡ್' ಮೈಕಲ್ ಜಾಕ್ಸನ್‌ನ 'ಡೇಂಜರಸ್' ಅನ್ನು ಅಮೆರಿಕದ ಪಟ್ಟಿಯ ಮೊದಲ ಸ್ಥಾನದಿಂದ ಕೆಳಗಿಳಿಸಿತು. ರಾಕ್ ಹೊಸತಾಗಿ ಕೇಳುವವರಿಗೆ ಮೆಟಾಲಿಕಾ ಸುಲಭ, ಲಯ ಗಟ್ಟಿ, ರಾಗ ಸ್ಪಷ್ಟ. ಆದರೆ ಬಿ ಬದಿ ಸ್ವಲ್ಪ ಉದ್ದವಾಯಿತು ಅನಿಸುತ್ತದೆ. 'ನೆವರ್‌ಮೈಂಡ್' ಎಲ್ಲೂ ಸಡಿಲ ಆಗುವುದಿಲ್ಲ. ಹಿಪ್‌ಹಾಪ್ ಕಡೆಗೆ ಒಂದೇ ಹೆಸರು, ಲಾರಿನ್ ಹಿಲ್ ಅವರ 1998ರ ಆಲ್ಬಮ್. ಹಾಡೂ ಇದೆ, ಮಾತೂ ಇದೆ, ಮೊದಲ ಬಾರಿಗೆ ಅದು ಸಾಕು.

ಇಂಗ್ಲೆಂಡಿನ ರಾಕ್ ತಂಡ ರೇಡಿಯೋಹೆಡ್‌ನ 1997ರ 'ಓಕೆ ಕಂಪ್ಯೂಟರ್' ಈ ಗುಂಪಿಗೆ ಸೇರುವುದಿಲ್ಲ. ಗಿಟಾರ್ ಜೋರಿದ್ದರೂ ಮನಸ್ಸು ಒಳಗೆ ತಿರುಗುತ್ತದೆ. ಒಂದು ಕೂರಿಕೆಯಲ್ಲಿ, ಕ್ರಮ ಬದಲಿಸದೆ ಕೇಳಬೇಕಾದ ಆಲ್ಬಮ್ ಯಾವುದಾದರೂ ಇದ್ದರೆ ಅದು ಇದು. ಅಮೆರಿಕದ ಗಾಯಕ ಜೆಫ್ ಬಕ್ಲಿಯ 1994ರ 'ಗ್ರೇಸ್' ಅನ್ನು ಇದರ ಪಕ್ಕ ಇಡುತ್ತೇನೆ. ಬಕ್ಲಿಗೆ ನುಸ್ರತ್ ಅಂದರೆ ಪ್ರಾಣ. ದನಿ ಮೇಲೇರಿ ಅಲ್ಲೇ ತೇಲುವ ರೀತಿಯಲ್ಲಿ ಅದು ಗೊತ್ತಾಗುತ್ತದೆ. ಹಾಡುವ ಶೈಲಿಯನ್ನು ಗಮನಿಸಿ ಕೇಳುವ ಕಿವಿ ಇರುವವರು 'ಗ್ರೇಸ್' ಮೊದಲು ಕೇಳಿ, ಆಮೇಲೆ ರೇಡಿಯೋಹೆಡ್.

ರಾತ್ರಿ ಹತ್ತರ ಮೇಲೆ

ಇಂಗ್ಲೆಂಡಿನ ಬ್ರಿಸ್ಟಲ್ ಊರಿನಿಂದ ಬಂದ ಎರಡು ಆಲ್ಬಮ್‌ಗಳು: ಪೋರ್ಟಿಸ್‌ಹೆಡ್‌ನ 'ಡಮ್ಮಿ' (1994), ಮ್ಯಾಸಿವ್ ಅಟ್ಯಾಕ್‌ನ 'ಮೆಜನೈನ್' (1998). ಎರಡೂ ನಿಧಾನ, ಎರಡೂ ಕತ್ತಲು. 'ಡಮ್ಮಿ'ಯಲ್ಲಿ ಬೆತ್ ಗಿಬನ್ಸ್ ದನಿ ಒಂಟಿ ಹೆಣ್ಣಿನದು. 'ನಾಗಮಂಡಲ' ಇಷ್ಟವಾದವರಿಗೆ ಇದನ್ನು ಹೇಳುತ್ತೇನೆ, ಯಾರಿಗೂ ಬೇಸರ ಆಗಿಲ್ಲ. 'ಮೆಜನೈನ್' ಬೇಸ್‌ನ ಆಟ, ಸಣ್ಣ ಫೋನ್ ಸ್ಪೀಕರಿನಲ್ಲಿ ಹಾಕಿದರೆ ಅರ್ಧ ಸಂಗೀತ ಹೊರಗೇ ಬರುವುದಿಲ್ಲ. ಒಳ್ಳೆಯ ಇಯರ್‌ಫೋನ್ ಇಲ್ಲದಿದ್ದರೆ 'ಡಮ್ಮಿ'ಯೇ ಸರಿ.

ಇದೇ ಮ್ಯಾಸಿವ್ ಅಟ್ಯಾಕ್ ನುಸ್ರತ್ ಅವರ 'ಮಸ್ತ್ ಮಸ್ತ್' ಹಾಡನ್ನು ರೀಮಿಕ್ಸ್ ಮಾಡಿದ್ದು. ಆ ಹೆಸರಿನ ಆಲ್ಬಮ್ 1990ರದು, ಮೈಕಲ್ ಬ್ರೂಕ್ ಜೊತೆ. ಅದೇ ಜೋಡಿ 1996ರಲ್ಲಿ 'ನೈಟ್ ಸಾಂಗ್' ತಂದಿತು. ಕವ್ವಾಲಿ ಗೊತ್ತಿರುವವರಿಗೆ ಮೊದಲನೆಯದು ಅರ್ಧ ದಾರಿ ಅನಿಸಬಹುದು. 'ನೈಟ್ ಸಾಂಗ್'ನಲ್ಲಿ ನುಸ್ರತ್ ಮೆಲ್ಲಗೆ ಹಾಡಿದ್ದಾರೆ, ದನಿಗೂ ವಾದ್ಯಕ್ಕೂ ಜಗಳ ಇಲ್ಲ. ನನ್ನ ಆಯ್ಕೆ ಅದು.

ಇನ್ನೂ ತಡವಾಗಿದ್ದರೆ ಜಾಝ್ ಪಿಯಾನೊ ವಾದಕ ಕೀತ್ ಜಾರೆಟ್ ಅವರ 'ದ ಮೆಲೊಡಿ ಅಟ್ ನೈಟ್, ವಿತ್ ಯೂ', 1999. ದೀರ್ಘಕಾಲದ ದಣಿವಿನ ಕಾಯಿಲೆಯಿಂದ ಸಂಗೀತ ಕಚೇರಿಗಳನ್ನೆಲ್ಲ ನಿಲ್ಲಿಸಿದ್ದ ಜಾರೆಟ್ ತಮ್ಮ ಮನೆಯಲ್ಲೇ ಪಿಯಾನೊ ಮುಂದೆ ಕೂತು ರೆಕಾರ್ಡ್ ಮಾಡಿದ್ದು. ಹಳೆಯ ಹಾಡುಗಳು, ಒಂದು ಸ್ವರವೂ ಜಾಸ್ತಿ ಇಲ್ಲ. ಜಾಝ್ ಕಷ್ಟ ಅನ್ನುವವರು ಇದೊಂದು ಕೇಳ್ರಿ. ಆಸ್ಪತ್ರೆಯಿಂದ ಮನೆಗೆ ಬಂದವರಿಗೆ, ನಿದ್ದೆ ಬಾರದವರಿಗೆ ನಾನು ಇದನ್ನೇ ಕಳಿಸುತ್ತೇನೆ.

ಯಾವ ಪ್ರತಿ, ಹೇಗೆ ಕೇಳುವುದು

ಒಂದೇ ಆಲ್ಬಮ್‌ನ ಎರಡು ಮೂರು ಪ್ರತಿ ಆ್ಯಪ್‌ನಲ್ಲಿ ಕಾಣುತ್ತವೆ. 'ರೀಮಾಸ್ಟರ್ಡ್' ಅಂತ ಇದ್ದರೆ ಒಳ್ಳೆಯದು ಅಂತಲ್ಲ. ಎಷ್ಟೋ ಸಲ ಒಟ್ಟು ದನಿಯನ್ನು ಜೋರು ಮಾಡಿರುತ್ತಾರೆ, ಮೆಲ್ಲಗಿದ್ದದ್ದಕ್ಕೂ ಜೋರಿದ್ದದ್ದಕ್ಕೂ ಇದ್ದ ಅಂತರ ಹೋಗಿರುತ್ತದೆ. 'ನೆವರ್‌ಮೈಂಡ್' ಪೂರ್ತಿ ನಿಂತಿರುವುದೇ ಆ ಅಂತರದ ಮೇಲೆ. ಹಾಗಾಗಿ 1991ರ ಮೂಲ ಪ್ರತಿ ಸಿಕ್ಕರೆ ಅದನ್ನೇ ಹುಡುಕಿ. ಕನ್ನಡ ಸಿನಿಮಾಗಳಲ್ಲಿ ತೊಂದರೆ ಬೇರೆ. ಎರಡು ಮೂರು ಸಿನಿಮಾದ ಹಾಡು ಸೇರಿಸಿದ ಸಂಗ್ರಹಗಳೇ ಮೊದಲು ಬರುತ್ತವೆ. ಕ್ಯಾಸೆಟ್ ಹೊದಿಕೆಯ ಚಿತ್ರ ಎಲ್ಲಾದರೂ ಸಿಕ್ಕರೆ ಅದರ ಹಿಂದಿನ ಪಟ್ಟಿ ನೋಡಿ, ಅದೇ ಕ್ರಮದಲ್ಲಿ ಜೋಡಿಸಿಕೊಳ್ಳಿ. ಹಾಡುಗಳ ಕ್ರಮ ಕಲಸುವ ಶಫಲ್ ಆಫ್ ಮಾಡಿ. ಎಲ್ಲ ಹಾಡುಗಳ ದನಿ ಸಮ ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನೂ ಆಫ್ ಮಾಡಿ.

ಅಟ್ಟದ ಮೇಲೆ ಹಳೆಯ ಕ್ಯಾಸೆಟ್ ಪೆಟ್ಟಿಗೆ ಇದ್ದವರಿಗೆ ಎರಡು ಮಾತು. ನೇರವಾಗಿ ಪ್ಲೇ ಒತ್ತಬೇಡಿ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು, ನಮ್ಮ ಮಳೆಗಾಲದ ಥಂಡಿಗೆ ಹಿಡಿಯುವುದು. ಅದನ್ನು ಹಾಕಿದರೆ ಮುಂದಿನ ಕ್ಯಾಸೆಟ್‌ಗಳಿಗೂ ಅಂಟುತ್ತದೆ. ಚೊಕ್ಕಟವಾಗಿದ್ದರೆ ಮೊದಲು ಪೂರ್ತಿ ಮುಂದಕ್ಕೆ ಓಡಿಸಿ, ಮತ್ತೆ ಪೂರ್ತಿ ಹಿಂದಕ್ಕೆ ತನ್ನಿ. ವರ್ಷಗಟ್ಟಲೆ ಅಂಟಿ ಕೂತ ಸುತ್ತು ಸಡಿಲ ಆಗುತ್ತದೆ. ಪ್ಲೇಯರಿನ ಹೆಡ್ಡನ್ನು ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಒಣಗಲು ಬಿಡಿ. ಆಮೇಲೆ ಎ ಬದಿ ಹಾಕಿ.